ಮಗ ತರುವ ಸ್ಯಾಟಲೈಟ್ ಯಂತ್ರ ಪೆರ್ಲದ ತೋಟಕ್ಕೆ ಆಗುತ್ತದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಕರ್ನಾಟಕದ ಗಡಿಗೆ ತಾಗಿದ ಅಡಿಕೆ ತೋಟ. ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಈಚೆಗೆ ಗೆಳೆಯರ ಜೊತೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೋಗುವ ಹುಚ್ಚು ಹಿಡಿದಿದೆ. ದಿನಗಟ್ಟಲೆ ಫೋನ್ ಸಿಗದ ಬೆಟ್ಟದಲ್ಲಿರುತ್ತಾನೆ. ಕೈಯಲ್ಲಿ ಗಾರ್ಮಿನ್ ಕಂಪನಿಯ ಇನ್‌ರೀಚ್ ಅನ್ನುವ ಸಣ್ಣ ಸ್ಯಾಟಲೈಟ್ ಯಂತ್ರ. ಅದರಿಂದ ದಿನಕ್ಕೊಂದು ಸಂದೇಶ ಬರುತ್ತದೆ, ಅವನಿರುವ ಜಾಗ ಮ್ಯಾಪಿನಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಕಳೆದ ನವೆಂಬರಿನ ಮೊದಲ ವಾರ, ಒಂದು ಭಾನುವಾರ ರಾತ್ರಿಯಿಡೀ ಆ ಚುಕ್ಕಿ ಅಲುಗಲೇ ಇಲ್ಲ. ಸೋಮವಾರ ಬೆಳಿಗ್ಗೆ ಆರೂವರೆಗೆ ಬರಬೇಕಾದ ಸಂದೇಶವೂ ಬರಲಿಲ್ಲ. ಮನೆಯವಳು ಹರಕೆ ಹೇಳಿ ಆಯಿತು. ಏಳೂವರೆಗೆ 'ಎಲ್ಲ ಸರಿ' ಅಂತ ಬಂತು. ಈ ಯಂತ್ರವನ್ನು ನಂಬಬಹುದಾ?

ಇನ್ನೊಂದು. ನನ್ನಲ್ಲಿ ಲೈಸೆನ್ಸ್ ಇರುವ ಕೋವಿ ಇದೆ. ಪಂಚಾಯತಿನ ಅನುಮತಿ ಇದ್ದಾಗ ಹಂದಿ ಕಾಯಲು ರಾತ್ರಿ ತೋಟಕ್ಕೆ ಇಳಿಯುತ್ತೇನೆ. ಕೆಳಗೆ ತೋಡಿನ ಬದಿಯಲ್ಲಿ ರೇಂಜೇ ಇಲ್ಲ. ಈ ಸಲ ಬರುವಾಗ ನನಗೂ ಒಂದು ಯಂತ್ರ ತರುತ್ತೇನೆ ಅಂತಾನೆ ಮಗ. ಆಫ್ ಮಾಡಿ ಇಟ್ಟುಕೊಂಡು, ಆಪತ್ತಿಗೆ ಮಾತ್ರ ಬಳಸಿದರೆ ತೊಂದರೆ ಉಂಟಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದಕ್ಕೆ ಅವಸರ ಇದೆ. ತರಬೇಡ ಅಂತ ಮಗನಿಗೆ ಇವತ್ತೇ ಹೇಳಿ.

ನಮ್ಮ ದೇಶದಲ್ಲಿ ಸ್ಯಾಟಲೈಟ್‌ಗೆ ಸಂದೇಶ ಕಳಿಸುವ ಯಂತ್ರವನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು. ಬಳಸಿದರೆ ಮಾತ್ರ ಅಂತಲ್ಲ, ಚೀಲದಲ್ಲಿ ಸಿಕ್ಕರೂ ಸಾಕು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಬಂದ ಕಟ್ಟು ಇದು. 2023ರ ಹೊಸ ದೂರಸಂಪರ್ಕ ಕಾಯ್ದೆಯಲ್ಲೂ ಅನುಮತಿ ಬೇಕೇ ಬೇಕು. 2008ರ ಮುಂಬೈ ದಾಳಿಯಲ್ಲಿ ಉಗ್ರರ ಹತ್ತಿರ ಸ್ಯಾಟಲೈಟ್ ಫೋನ್ ಇತ್ತು. ಆಮೇಲೆ ಕಣ್ಣು ಇನ್ನೂ ಬಿಗಿಯಾಯಿತು. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಪ್ರವಾಸಿಯೊಬ್ಬರು ಇದೇ ಇನ್‌ರೀಚ್ ಇಟ್ಟುಕೊಂಡು ಸಿಕ್ಕಿಬಿದ್ದರು. ಅವರಿಗೆ ಕಾನೂನು ಗೊತ್ತೇ ಇರಲಿಲ್ಲ. ಆದರೂ ಪೊಲೀಸ್ ಕೇಸಾಯಿತು.

ಈಗ ನಿಮ್ಮ ಸ್ಥಿತಿ ಯೋಚಿಸಿ. ರಾತ್ರಿ, ರಾಜ್ಯದ ಗಡಿ, ಕೈಯಲ್ಲಿ ಕೋವಿ, ಜೇಬಿನಲ್ಲಿ ಸ್ಯಾಟಲೈಟ್ ಯಂತ್ರ. ನೀವು ಅಡಿಕೆ ಕೃಷಿಕರು ಅಂತ ಒಪ್ಪಿಸುವಷ್ಟರಲ್ಲಿ ಬೆಳಗಾಗುತ್ತದೆ. ಕೋವಿಯ ಲೈಸೆನ್ಸಿಗೂ ಕುತ್ತು ಬರಬಹುದು.

'ಅನುಮತಿ ತೆಗೆದುಕೊಂಡರಾಯಿತಲ್ವಾ' ಅಂತ ಕೇಳುವವರಿದ್ದಾರೆ. ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್ಸ್ಯಾಟ್ ಅನ್ನುವ ಸ್ಯಾಟಲೈಟ್ ಫೋನ್ ಪಡೆಯುವ ದಾರಿ ಇದೆ, ಅದೂ ಇಲಾಖೆ ಒಪ್ಪಿದ ಮೇಲೆ. ವಿಪತ್ತು ನಿರ್ವಹಣೆಯವರಿಗೆ, ಹಡಗಿನವರಿಗೆ ಅದು ಸರಿ. ತೋಟ ಕಾಯುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಯಾಕೆಂದರೆ ಜನ ಹೆದರಿ ಬೇಕಾದದ್ದನ್ನೂ ಬಿಟ್ಟುಬಿಡುತ್ತಾರೆ. ನಿಮ್ಮ ಫೋನಿನಲ್ಲಿರುವ ಜಿಪಿಎಸ್ ಕೂಡ ಸ್ಯಾಟಲೈಟಿನದೇ. ಆದರೆ ಅದು ಬರೀ ಕೇಳುತ್ತದೆ, ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಅದಕ್ಕೆ ಯಾರ ತಕರಾರೂ ಇಲ್ಲ. ರೇಂಜ್ ಇಲ್ಲದ ಕಡೆಯೂ ಫೋನಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗುತ್ತದೆ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ಸಾಕು. ಇನ್‌ರೀಚ್ ಹಾಗಲ್ಲ, ಅದು ಮೇಲಕ್ಕೆ ಮಾತಾಡುತ್ತದೆ. ಕಾನೂನು ಹಿಡಿಯುವುದು ಆ ಮಾತನ್ನು.

ಮಗನ ಹತ್ತಿರ ಐಫೋನ್ ಇದ್ದರೆ ಹೆದರಬೇಕಾಗಿಲ್ಲ. ಐಫೋನ್ 14 ಮತ್ತು ಅದರ ನಂತರದವಕ್ಕೆ ಅಮೆರಿಕದಲ್ಲಿ ಸ್ಯಾಟಲೈಟ್ ಮೂಲಕ ತುರ್ತು ಸಂದೇಶ ಕಳಿಸಲು ಬರುತ್ತದೆ. ಆ ಸೇವೆ ಇಲ್ಲಿಗಿಲ್ಲ, ಫೋನ್ ತರಲು ಅಡ್ಡಿಯಿಲ್ಲ. ಕೈಗಡಿಯಾರ ಮಾತ್ರ ನೋಡಿಕೊಳ್ಳಲಿ. 2025ರಲ್ಲಿ ಗಾರ್ಮಿನ್ ಬಿಟ್ಟ ಫೀನಿಕ್ಸ್ 8 ಪ್ರೊ ಗಡಿಯಾರದೊಳಗೇ ಇನ್‌ರೀಚ್ ಇದೆ. ಬೇಟೆಗೆ ಹೋಗುವವರು ಅಂಥದ್ದನ್ನು ಕಟ್ಟಿಕೊಂಡಿರುವುದುಂಟು. ಅದನ್ನು ಅಲ್ಲೇ ಬಿಟ್ಟು ಬರುವುದು ಕ್ಷೇಮ.

ಇನ್ನು ತೋಟದ ಮಾತು. ಕಾನೂನು ಅಡ್ಡ ಇಲ್ಲದಿದ್ದರೂ ಆ ಯಂತ್ರ ನಿಮ್ಮ ತೋಡಿನ ಬದಿಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದು ಮಾತಾಡುವುದು ಇರಿಡಿಯಂ ಅನ್ನುವ ಕಂಪನಿಯ ಸ್ಯಾಟಲೈಟುಗಳ ಜೊತೆ. ಅಂಥವು 66 ಇವೆ. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 27,000 ಕಿಲೋಮೀಟರ್ ವೇಗದಲ್ಲಿ ಭೂಮಿ ಸುತ್ತುತ್ತವೆ. ಒಂದೊಂದೂ ನಮ್ಮ ತಲೆಯ ಮೇಲೆ ಕೆಲವೇ ನಿಮಿಷ ಇರುತ್ತದೆ. ಬಯಲಲ್ಲಿ ನಿಂತರೆ ಒಂದು ಹೋಗುವಾಗ ಇನ್ನೊಂದು ಬಂದಿರುತ್ತದೆ. ಎರಡು ಗುಡ್ಡೆಯ ನಡುವೆ ನಿಂತರೆ ಆಕಾಶ ಒಂದು ಪಟ್ಟಿಯಷ್ಟೇ. ಮೇಲೆ ಅಡಿಕೆಯ ಸೋಗೆ, ಅದೂ ಮಳೆಯಲ್ಲಿ ನೆಂದದ್ದು. ಒದ್ದೆ ಎಲೆ ಈ ಅಲೆಗಳನ್ನು ಚೆನ್ನಾಗಿ ನುಂಗುತ್ತದೆ. ಸಂದೇಶ ಹೋಗಲು ಒಂದು ನಿಮಿಷವೂ ಆಗಬಹುದು, ಇಪ್ಪತ್ತು ನಿಮಿಷವೂ ಆಗಬಹುದು.

ಹೋಗಿ ತಲುಪಿತು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ಯಾರು ಬರುತ್ತಾರೆ? ಗಾರ್ಮಿನ್ ಕಂಪನಿಯ ತುರ್ತು ಕೇಂದ್ರ ಇರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಅಲ್ಲಿಂದ ಅವರು ನಮ್ಮ ಪೊಲೀಸರನ್ನು ಹುಡುಕಿ, ವಿಷಯ ತಿಳಿಸಿ, ಪೊಲೀಸರು ನಿಮ್ಮ ತೋಟ ಹುಡುಕಬೇಕು. ನಿಮ್ಮ ನೆರೆಮನೆಯವರು ಅಷ್ಟರಲ್ಲಿ ನಾಲ್ಕು ಸಲ ಬಂದು ಹೋಗಬಹುದು. ಹಾಗಾಗಿ ಕೆಲಸ ಇರುವುದು ಆ ನೆರೆಮನೆಯವರಿಗೆ ಸುದ್ದಿ ಮುಟ್ಟಿಸುವುದರಲ್ಲಿ. ಅದಕ್ಕೆ ನಮ್ಮ ಕಡೆ ಒಳ್ಳೆಯ ದಾರಿಗಳಿವೆ.

ನನಗೆ ಹೆಚ್ಚು ಇಷ್ಟವಾದದ್ದು ವೈಫೈ. ಈಗ ಹಳ್ಳಿಹಳ್ಳಿಯ ಮನೆಗೂ ಫೈಬರ್ ಇಂಟರ್ನೆಟ್ ಬಂದಿದೆ. ನಿಮ್ಮ ಮನೆಯಲ್ಲೂ ಇದ್ದರೆ ಅದನ್ನೇ ಪಂಪುಶೆಡ್ಡಿನ ತನಕ ಎಳೆಸಿ, ಅಲ್ಲೊಂದು ಹೊರಗಿನ ವೈಫೈ ಪೆಟ್ಟಿಗೆ ಕೂರಿಸಿ. ಜಿಯೋ, ಏರ್‌ಟೆಲ್ ಸಿಮ್ ಇರುವ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಇಲ್ಲದೆಯೂ ಮಾಮೂಲಿ ಕರೆ ಹೋಗುತ್ತದೆ. ವಾಟ್ಸಾಪ್ ಅಂತೂ ಇದ್ದೇ ಇದೆ. ಎರಡು ವಿಷಯ ಮರೆಯಬೇಡಿ. ತೋಟದ ಉದ್ದಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಅದು ನೂರು ಮೀಟರಿಗಿಂತ ಆಚೆ ಸರಿಯಾಗಿ ಕೆಲಸ ಮಾಡುವುದೂ ಇಲ್ಲ, ತುಲಾ ತಿಂಗಳ ಗುಡುಗು ಮಿಂಚಿಗೆ ಎರಡೂ ತುದಿಯ ಯಂತ್ರ ಸುಟ್ಟು ಹೋಗುತ್ತವೆ. ಮನೆಗೆ ಬಂದಿರುವಂಥ ತೆಳು ಫೈಬರ್ ಎಳೆಯನ್ನೇ ಮುಂದುವರಿಸಿ, ಊರಿನ ಕೇಬಲ್ ಹುಡುಗ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಇನ್ನೊಂದು, ಕರೆಂಟು. ಹಂದಿ ಬರುವ ರಾತ್ರಿ ಕರೆಂಟು ಇರುತ್ತದೆ ಅಂತ ಏನು ಗ್ಯಾರಂಟಿ? ರೌಟರಿಗೆ ಸಣ್ಣ ಬ್ಯಾಟರಿ ಬ್ಯಾಕಪ್ ಸಿಗುತ್ತದೆ, ಎರಡು ತುದಿಗೂ ಹಾಕಿ.

ವಾಕಿಟಾಕಿಯ ಬಗ್ಗೆ ಸ್ವಲ್ಪ ಎಚ್ಚರ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಜೋಡಿ ಸಿಗುವ ಐದು ವ್ಯಾಟಿನ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ್ದು 446 ಮೆಗಾಹರ್ಟ್ಸಿನ, ಅರ್ಧ ವ್ಯಾಟಿನ ಸೆಟ್. ಮಾರುವವರು ಇದನ್ನು ಹೇಳದೆ ಮಾರುತ್ತಿದ್ದರು. 2025ರ ಮೇನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳಿಗೇ ನೋಟಿಸ್ ಕೊಟ್ಟಿತು. ಪೆಟ್ಟಿಗೆಯ ಮೇಲೆ ಯಾವ ಫ್ರೀಕ್ವೆನ್ಸಿ ಅಂತ ಬರೆದಿಲ್ಲವಾದರೆ ಕೊಳ್ಳಬೇಡಿ. ಪೆಟ್ಟಿಗೆಯ ಚಿತ್ರದಲ್ಲಿ 'ಹತ್ತು ಕಿಲೋಮೀಟರ್' ಅಂತಿರುತ್ತದೆ. ಅದು ನೀರಿನ ಮೇಲೆ, ಎದುರುಬದುರು ಕಾಣುವಾಗ. ತೋಟದೊಳಗೆ ಕೆಲವು ನೂರು ಮೀಟರ್ ಸಿಕ್ಕರೆ ಪುಣ್ಯ. ಗುಡ್ಡೆಯ ತಿರುವು ಬಂದರೆ ಅದೂ ಇಲ್ಲ. ಆದರೆ ಮನೆಯ ತಾರಸಿಯಿಂದ ನೀವು ಕೂರುವ ಜಾಗ ಕಾಣುತ್ತದಾದರೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಗುಂಡಿ ಒತ್ತಿ ಮಾತಾಡಿದರಾಯಿತು, ವಯಸ್ಸಾದವರಿಗೂ ಬರುತ್ತದೆ.

ಹತ್ತಿರ ಇಂಜಿನಿಯರಿಂಗ್ ಓದುವ ಹುಡುಗರಿದ್ದರೆ ಲೋರಾ ರೇಡಿಯೋ ಬಗ್ಗೆ ಕೇಳಿ ನೋಡಿ. 865ರಿಂದ 867 ಮೆಗಾಹರ್ಟ್ಸ್‌ನಲ್ಲಿ, ಕಡಿಮೆ ಶಕ್ತಿಯಲ್ಲಿ, ಲೈಸೆನ್ಸ್ ಇಲ್ಲದೆ ಬಳಸಬಹುದು. ಮಾತು ಹೋಗುವುದಿಲ್ಲ, ಸಣ್ಣ ಬರಹ ಮತ್ತು ಜಾಗದ ಗುರುತು ಹೋಗುತ್ತದೆ. ಗುಡ್ಡೆಯ ತುದಿಯ ಪಾದೆಯ ಮೇಲೆ ಸೋಲಾರ್ ಕಟ್ಟಿದ ಒಂದು ಪೆಟ್ಟಿಗೆ ಇಟ್ಟರೆ ಕೆಳಗಿನ ಎರಡು ಮೂರು ತೋಟಕ್ಕೆ ಒಟ್ಟಿಗೆ ಆಗುತ್ತದೆ. ಮಗನಿಗೆ ಏನಾದರೂ ತರಲೇಬೇಕು ಅಂತಿದ್ದರೆ ದುಡ್ಡನ್ನು ಇದಕ್ಕೆ ಹಾಕಲಿ, ಸಾಮಾನು ಇಲ್ಲೇ ಸಿಗುತ್ತದೆ.

112ರ ವಿಷಯ ಗಡಿಯವರಿಗೆ ಗೊತ್ತಿರಬೇಕು. ನಿಮ್ಮ ಕಂಪನಿಯ ರೇಂಜ್ ಇಲ್ಲದಿದ್ದರೂ ಬೇರೆ ಯಾರದ್ದಾದರೂ ಟವರ್ ಸಿಕ್ಕರೆ ತುರ್ತು ಕರೆ ಹೋಗುತ್ತದೆ. ಪರದೆಯಲ್ಲಿ 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂತ ಕಂಡರೆ ಅದೇ ಅರ್ಥ. ಆದರೆ ನಿಮ್ಮ ಕಡೆ ಫೋನು ಆಚೆಯ ಟವರ್ ಹಿಡಿಯುವುದು ಮಾಮೂಲು. ಕರೆ ಕರ್ನಾಟಕದವರಿಗೂ ಹೋಗಬಹುದು, ಕೇರಳದವರಿಗೂ ಹೋಗಬಹುದು. ಹಾಗಾಗಿ ಫೋನ್ ಎತ್ತಿದವರಿಗೆ ಮೊದಲು ಹೇಳಬೇಕಾದದ್ದು ರಾಜ್ಯ, ಜಿಲ್ಲೆ, ಪಂಚಾಯತ್. ಏನಾಯಿತು ಅನ್ನುವುದು ಆಮೇಲೆ. 'ಕೇರಳ, ಕಾಸರಗೋಡು, ಎಣ್ಮಕಜೆ ಪಂಚಾಯತ್' ಅಂತ ಶುರು ಮಾಡಿ. ಜೀಪು ಎಲ್ಲಿಯ ತನಕ ಬರುತ್ತದೆ ಅನ್ನುವುದನ್ನೂ ಹೇಳಿ. ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಮನೆಯ ಫೋನಿನ ಹತ್ತಿರ ಅಂಟಿಸಿ, ಕರೆ ಮಾಡುವುದು ನೀವೇ ಆಗಿರಬೇಕು ಅಂತಿಲ್ಲವಲ್ಲ.

ನಿಮ್ಮ ಪತ್ರದಲ್ಲಿ ಒಂದು ಸಾಲು ಇಲ್ಲ, ಅದನ್ನು ನಾನೇ ಕೇಳುತ್ತೇನೆ. ಈಡು ತಗಲಿದ ಹಂದಿ ಕಾಡಿಗೆ ನುಗ್ಗಿದರೆ ನೀವು ಹಿಂದೆ ಹೋಗುತ್ತೀರಾ? ದಯವಿಟ್ಟು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ನಿಷೇಧ. ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರು ಕೊಡುವ ಅನುಮತಿ ಬೆಳೆ ಹಾಳು ಮಾಡುವ ಹಂದಿಗೆ ಮಾತ್ರ. ವಿಷ, ಸಿಡಿಮದ್ದು, ಕರೆಂಟು ಯಾವುದೂ ಆಗದು. ಆ ಕಾಗದಕ್ಕೆ ರಿಸರ್ವ್ ಫಾರೆಸ್ಟಿನ ಒಳಗೆ ಬೆಲೆ ಇಲ್ಲ, ಗಡಿ ದಾಟಿ ಕರ್ನಾಟಕದ ಕಡೆಗೆ ಕಾಲಿಟ್ಟರಂತೂ ಇಲ್ಲವೇ ಇಲ್ಲ. ಅದಕ್ಕಿಂತ ಮುಖ್ಯ, ಗಾಯವಾದ ಹಂದಿ ಪೊದೆಯೊಳಗೆ ಕಾದು ನಿಂತಿರುತ್ತದೆ. ತೊಡೆ ಸೀಳಿಸಿಕೊಂಡವರು ಹೆಚ್ಚಾಗಿ ಹೀಗೆ ಹಿಂದೆ ಹೋದವರೇ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಬೆಳಗಾಗಲಿ.

ಈಗ ಮಗನ ವಿಷಯ. ಇಲ್ಲಿ ನನ್ನ ಮಾತು ಪೂರಾ ಉಲ್ಟಾ: ಅವನ ಕೈಯಲ್ಲಿ ಆ ಯಂತ್ರ ಇರಲೇಬೇಕು. ಕೊಲರಾಡೊದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಲೈಸೆನ್ಸ್ ಪಡೆದು, ಸೀಸನ್ನಿನಲ್ಲಿ, ಕಿತ್ತಳೆ ಅಥವಾ ಗುಲಾಬಿ ಬಣ್ಣದ ಕಣ್ಣು ಕುಕ್ಕುವ ಜಾಕೆಟ್ ಹಾಕಿ ಮಾಡುವ ಬೇಟೆ ಅದು. ಎಲ್ಕ್ ಅಂದರೆ ನಮ್ಮ ಕಡವೆಗಿಂತಲೂ ದೊಡ್ಡದು, ಗಂಡು ಮುನ್ನೂರು ಕಿಲೋ ದಾಟುತ್ತದೆ. ಕೆಡವಿದ ಮೇಲೆ ಕತ್ತರಿಸಿ, ತುಂಡು ತುಂಡಾಗಿ ಬೆನ್ನ ಮೇಲೆ ಹೊತ್ತು, ಮೂರು ಸಾವಿರ ಮೀಟರ್ ಎತ್ತರದ ಇಳಿಜಾರಿನಲ್ಲಿ ಗಾಡಿಯ ತನಕ ನಡೆಯಬೇಕು. ಕೋವಿಗಿಂತ ಹೆಚ್ಚಾಗಿ ಚೂರಿ, ಜಾರಿದ ಕಾಲು, ಎತ್ತರದ ತಲೆಸುತ್ತು, ಚಳಿ, ಇವುಗಳಿಗೆ ಹೆದರಬೇಕು.

ಚುಕ್ಕಿ ಅಲುಗದೆ ಇದ್ದದ್ದಕ್ಕೆ ಕಾರಣ ಸಾಮಾನ್ಯವಾಗಿ ತೀರಾ ಸಪ್ಪೆ. ಬೇಟೆಗಾರ ಒಂದೇ ಕಡೆ ಗಂಟೆಗಟ್ಟಲೆ ಕೂರುತ್ತಾನೆ. ಅಲುಗಾಟ ಇಲ್ಲ ಅಂತ ಕಂಡರೆ ಕೆಲವು ಯಂತ್ರಗಳು ಬ್ಯಾಟರಿ ಉಳಿಸಲು ಚುಕ್ಕಿ ಕಳಿಸುವುದನ್ನೇ ಕಡಿಮೆ ಮಾಡುತ್ತವೆ. ಇಲ್ಲವೆಂದರೆ ಅದು ಚೀಲದ ತಳದಲ್ಲಿ, ಅಥವಾ ದಟ್ಟ ಮರದ ಕೆಳಗೆ ಇರುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಆಫ್ ಮಾಡಿಟ್ಟಿರಲೂಬಹುದು. ಯಂತ್ರವನ್ನು ಚೀಲದ ಭುಜದ ಪಟ್ಟಿಗೆ, ಆಂಟೆನಾ ಮೇಲೆ ಮಾಡಿ ಸಿಕ್ಕಿಸಬೇಕು. ರಾತ್ರಿ ಸ್ಲೀಪಿಂಗ್ ಬ್ಯಾಗಿನ ಒಳಗೆ ಮೈಗೆ ತಾಗಿ ಇರಬೇಕು. ಇದನ್ನು ಅವನಿಗೆ ಹೇಳಿ, ಗೊತ್ತಿದೆ ಅಂತಾನೆ, ಆದರೂ ಹೇಳಿ.

ಆ ಸೋಮವಾರ ಸಂದೇಶ ಒಂದು ಗಂಟೆ ತಡವಾಗಿ ಬಂದದ್ದಕ್ಕೆ ಯಂತ್ರ ಹೊಣೆಯಲ್ಲ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕುತ್ತಾರೆ. ಅಕ್ಟೋಬರಿನಲ್ಲಿ ಕೊಲರಾಡೊ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ ಇದ್ದರೆ, ಅವತ್ತಿನಿಂದ ಹನ್ನೆರಡೂವರೆ ಗಂಟೆ ಹಿಂದೆ. ಅವನು ದಿನಾ ಸಂಜೆ ಏಳಕ್ಕೆ ಕಳಿಸುತ್ತಾನೆ ಅಂತ ಕಾಣುತ್ತದೆ. ಅದು ನಿಮಗೆ ಶನಿವಾರದ ತನಕ ಬೆಳಿಗ್ಗೆ ಆರೂವರೆ, ಭಾನುವಾರದ ಸಂದೇಶ ಸೋಮವಾರ ಏಳೂವರೆ. ಅವನು ಒಂದು ನಿಮಿಷವೂ ತಡ ಮಾಡಿಲ್ಲ. ಹರಕೆ ಮಾತ್ರ ಹೇಳಿ ಆಗಿದೆ, ಅದನ್ನು ತೀರಿಸುವುದು ನಿಮಗೆ ಬಿಟ್ಟದ್ದು.

ನಾನು ಹಡಗಿನಲ್ಲಿ ರೇಡಿಯೋ ಅಧಿಕಾರಿಯಾಗಿದ್ದವನು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದೇವೆ ಅಂತ ಕಂಪನಿಗೆ ವರದಿ ಕಳಿಸಬೇಕಿತ್ತು. ವರದಿ ಬಾರದಿದ್ದರೆ ದಡದಲ್ಲಿರುವವರು ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಮೊದಲೇ ಬರೆದಿಟ್ಟಿತ್ತು. ನೀವೂ ಮಗನೂ ಮಾಡಿಕೊಳ್ಳದೆ ಬಿಟ್ಟದ್ದು ಈ ಮಾತುಕತೆ ಒಂದೇ. ಸಂದೇಶ ಬಂದರೆ ಏನರ್ಥ ಅಂತ ನಿಮಗಿಬ್ಬರಿಗೂ ಗೊತ್ತು, ಬಾರದಿದ್ದರೆ ಏನರ್ಥ ಅಂತ ಯಾರೂ ತೀರ್ಮಾನಿಸಿಲ್ಲ. ಹಾಗಾಗಿ ಆ ಹೊತ್ತನ್ನು ಹೆದರಿಕೆ ತುಂಬಿತು.

ಅವನು ಮುಂದಿನ ಸಲ ಹೊರಡುವ ಮೊದಲು ಕೂತು ಮಾತಾಡಿ. ಚುಕ್ಕಿಯನ್ನು ನೋಡುವುದೇ ಬೇಡ, ಲೆಕ್ಕಕ್ಕಿರುವುದು ಸಂಜೆಯ ಒಂದು ಸಂದೇಶ ಅಂತ ಮಾಡಿಕೊಳ್ಳಿ. ಹೊತ್ತು ಭಾರತದ ಸಮಯದಲ್ಲಿ ಬರೆದಿಡಿ. ಒಂದು ತಪ್ಪಿದರೆ ಸುಮ್ಮನಿರುವುದು. ಎರಡನೆಯದೂ ತಪ್ಪಿದರೆ ಅಲ್ಲಿರುವ ಗೆಳೆಯನಿಗೆ ಫೋನ್. ಈ ಲೆಕ್ಕ ನನ್ನದು, ನಿಮಗೆ ಬೇರೆ ಸರಿ ಕಂಡರೆ ಅದೇ ಇರಲಿ, ಇಬ್ಬರೂ ಒಪ್ಪಿರಬೇಕು ಅಷ್ಟೇ. ಸಂದೇಶ ಎಸ್ಸೆಮ್ಮೆಸ್ ಆಗಿ ಬರುವುದಕ್ಕಿಂತ ಗಾರ್ಮಿನ್ ಕಂಪನಿಯ ಆ್ಯಪ್‌ನಲ್ಲೋ ಇಮೇಲಿನಲ್ಲೋ ಬಂದರೆ ವಾಸಿ. ಇಲ್ಲಿ ಕೂತು ಓದುವುದಕ್ಕೆ ಯಾವ ಕಾನೂನಿನ ತೊಡಕೂ ಇಲ್ಲ, ಅದು ಬರೀ ಇಂಟರ್ನೆಟ್.

ಯಂತ್ರದ ಎಸ್‌ಒಎಸ್ ಗುಂಡಿ, ಅಂದರೆ ಆಪತ್ತಿನ ಗುಂಡಿ ಒತ್ತಿದ ಕೂಡಲೇ ಹೆಲಿಕಾಪ್ಟರ್ ಬರುತ್ತದೆ ಅನ್ನುವ ನಂಬಿಕೆ ಇದೆ. ಹಾಗಿಲ್ಲ. ಮೊದಲು ಟೆಕ್ಸಾಸಿನ ಕೇಂದ್ರದಿಂದ 'ಏನಾಗಿದೆ' ಅಂತ ಮರುಸಂದೇಶ ಬರುತ್ತದೆ. ಇದು ಈ ಯಂತ್ರದ ದೊಡ್ಡ ಗುಣ, ಉತ್ತರ ಕೊಟ್ಟರೆ ಸಹಾಯ ಸರಿಯಾದದ್ದು ಬರುತ್ತದೆ. ಹಡಗಿನಲ್ಲಿದ್ದ, ಆಪತ್ತಿನ ಸಂಕೇತ ಮಾತ್ರ ಕಳಿಸುವ ಒಮ್ಮುಖದ ಬೀಕನ್ನುಗಳು ಬರೀ ಕೂಗುತ್ತಿದ್ದವು, ಅವುಗಳ ಕೂಗಿನಲ್ಲಿ ಬಹುಪಾಲು ಸುಳ್ಳು ಕರೆ. ಕೇಂದ್ರದವರು ಆಮೇಲೆ ಆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಶೆರಿಫ್ ಕಚೇರಿಗೆ, ಅಂದರೆ ಅಲ್ಲಿಯ ಪೊಲೀಸರಿಗೆ ತಿಳಿಸುತ್ತಾರೆ. ಬೆಟ್ಟ ಹತ್ತಿ ಬರುವವರು ಹೆಚ್ಚಾಗಿ ಸ್ವಯಂಸೇವಕರು. ರಾತ್ರಿ, ಹಿಮ, ಗಾಳಿ ಇದ್ದರೆ ಗಂಟೆಗಳೇ ಹಿಡಿಯುತ್ತವೆ, ಮರುದಿನವೂ ಆಗಬಹುದು. ಅಷ್ಟು ಹೊತ್ತು ಬದುಕಿರುವುದಕ್ಕೆ ಬೇಕಾದ ಬೆಂಕಿ, ಬಟ್ಟೆ, ರಕ್ತ ನಿಲ್ಲಿಸುವ ಪಟ್ಟಿ ಅವನ ಚೀಲದಲ್ಲೇ ಇರಬೇಕು. ಹುಡುಕಿ ತರುವುದಕ್ಕೆ ದುಡ್ಡು ಕೇಳುವುದಿಲ್ಲ, ಆದರೆ ಆಸ್ಪತ್ರೆಗೆ ಒಯ್ಯುವ ಏರ್ ಆ್ಯಂಬುಲೆನ್ಸಿನ ಬಿಲ್ಲು ಬೇರೆ, ಅದು ಮನೆ ಮಾರಿಸುವಂಥದ್ದು. ವಿಮೆಯಲ್ಲಿ ಅದು ಸೇರಿದೆಯಾ ಅಂತ ನೋಡಿಕೊಳ್ಳಲಿ.

ಮೊಂಟಾನಾ ಕಡೆ ಹೋಗುವ ಯೋಚನೆ ಇದ್ದರೆ ಇನ್ನೊಂದು ಮಾತು. ಅಲ್ಲಿ ರೇಡಿಯೋ, ಫೋನು, ಸಂದೇಶ ಬಳಸಿ ಪ್ರಾಣಿ ಎಲ್ಲಿದೆ ಅಂತ ಒಬ್ಬರಿಗೊಬ್ಬರು ತಿಳಿಸುವುದು ಅಪರಾಧ. ಯಂತ್ರ ಆಪತ್ತಿಗೆ ಇರಲಿ, ಬೇಟೆಗೆ ಬೇಡ. ಬೇರೆ ರಾಜ್ಯಗಳದ್ದು ಬೇರೆ ನಿಯಮ, ಹೊರಡುವ ಮೊದಲು ಆಯಾ ರಾಜ್ಯದ ಪುಸ್ತಿಕೆ ನೋಡಬೇಕು.

ಕೊನೆಯದಾಗಿ, ಅವನ ಯಂತ್ರದಲ್ಲಿ ತುರ್ತು ಸಂಪರ್ಕ ಅಂತ ಯಾರ ನಂಬರ್ ಇದೆ ಅಂತ ಕೇಳಿ. ನಿಮ್ಮದೇ ಮೊದಲು ಇದ್ದರೆ ಬದಲಾಯಿಸಲಿ. ಎಸ್‌ಒಎಸ್ ಒತ್ತಿದರೆ ಕೇಂದ್ರದವರು ಆ ನಂಬರಿಗೆ ಕರೆ ಮಾಡುತ್ತಾರೆ. ಗಾಡಿ ಯಾವುದು, ಎಲ್ಲಿ ನಿಲ್ಲಿಸಿದ್ದಾನೆ, ಯಾವ ಔಷಧಿ ತಿನ್ನುತ್ತಾನೆ ಅಂತ ಕೇಳುತ್ತಾರೆ. ರೇಂಜ್ ಇಲ್ಲದ ತೋಟದಲ್ಲಿರುವ ನಿಮಗೆ ಆ ಕರೆ ಮುಟ್ಟುವುದು ಯಾವಾಗ? ಮೊದಲ ಹೆಸರು ಅಲ್ಲೇ ಇರುವ, ಬೇಟೆಗೆ ಹೋಗದ ಗೆಳೆಯನದ್ದಿರಲಿ. ನಿಮ್ಮದು ಎರಡನೆಯದು. ನಿಮ್ಮ ಹತ್ತಿರ ಇರಬೇಕಾದದ್ದು ಒಂದು ಕಾಗದ: ಯಾವ ಕೌಂಟಿಯಲ್ಲಿ ಬೇಟೆ, ಗಾಡಿ ನಿಲ್ಲಿಸುವ ಜಾಗ, ವಾಪಸು ಬರುವ ದಿನ, ಆ ಕೌಂಟಿಯ ಶೆರಿಫ್ ಕಚೇರಿಯ ಪೂರ್ತಿ ನಂಬರ್. ಪೂರ್ತಿ ಅಂತ ಯಾಕೆ ಹೇಳಿದೆ ಅಂದರೆ, ಅಮೆರಿಕದ 911 ಇಲ್ಲಿಂದ ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ. +1 ಹಾಕಿ ಹತ್ತು ಅಂಕಿಯ ನಂಬರಿಗೇ ಮಾಡಬೇಕು. ನಿಮ್ಮ ಫೋನಿನಲ್ಲಿ ಐಎಸ್‌ಡಿ ಕರೆ ಹೋಗುತ್ತದಾ ಅಂತ ಒಂದು ಸಲ ಈಗಲೇ ನೋಡಿಡಿ.